ಕಣ್ಣಿನ ಗಾಜು

ಸುಗ್ಗಿಯ ದಿನಗಳಲ್ಲಿ ಹಲಗೂರಿನ ಸುತ್ತಣ ಕಣಗಳಲ್ಲಿ ರಾಗಿಯ ಹೊಟ್ಟು ಹಾರುತ್ತದೆ. ಕಣ್ಣು ತುರಿಸುತ್ತದೆ, ಕೈ ತಾನಾಗಿಯೇ ಕಣ್ಣನ್ನು ಉಜ್ಜುತ್ತದೆ. ಈ ಅಭ್ಯಾಸದ ಅಪಾಯವನ್ನು ಅರಿತವರು ವಿರಳ.

ಕಣ್ಣಿನ ಮುಂಭಾಗದಲ್ಲಿ ಗಡಿಯಾರದ ಗಾಜಿನಂತಿರುವ ಪಾರದರ್ಶಕ ಪದರವೇ ಕಾರ್ನಿಯ. ಅದರ ನಡುಭಾಗದ ದಪ್ಪ ಸುಮಾರು ಅರ್ಧ ಮಿಲಿಮೀಟರು ಮಾತ್ರ. ಕೊಲ್ಲಾಜೆನ್ ಎಂಬ ಪ್ರೋಟೀನಿನ ಎಳೆಗಳು ಅದಕ್ಕೆ ಬಲ ನೀಡುತ್ತವೆ. ಕೆಲವರಲ್ಲಿ, ಬಹುಮಟ್ಟಿಗೆ ಹದಿಹರೆಯದಲ್ಲಿ, ಈ ಪದರವು ತೆಳುವಾಗಿ ಶಂಕುವಿನಂತೆ ಮುಂದಕ್ಕೆ ಉಬ್ಬತೊಡಗುತ್ತದೆ. ಈ ರೋಗಕ್ಕೆ ಕೆರಟೋಕೋನಸ್ ಎಂದು ಹೆಸರು. ವಂಶಗುಣವೂ ಇದಕ್ಕೆ ಕಾರಣವಾಗಬಹುದು. ಕಣ್ಣುಜ್ಜುವುದರಿಂದ ಇದು ಉಲ್ಬಣಿಸುತ್ತದೆ. ಕರಿಹಲಗೆಯ ಅಕ್ಷರಗಳು ಸೊಟ್ಟಗೆ, ಎರಡೆರಡಾಗಿ ಕಾಣುತ್ತವೆ. ಕನ್ನಡಕವನ್ನು ಪದೇ ಪದೇ ಬದಲಿಸಬೇಕಾಗುತ್ತದೆ. ಇಂಥ ವಿದ್ಯಾರ್ಥಿಯನ್ನು ಅಲಕ್ಷ್ಯದವನೆಂದು ಗದರಿಸುವ ಉಪಾಧ್ಯಾಯರೂ ಉಂಟು!

ಹಿಂದೆ ಈ ರೋಗದ ಮುನ್ನಡೆಯನ್ನು ತಡೆಯುವ ಉಪಾಯವಿರಲಿಲ್ಲ. ಕಣ್ಣು ತೀರ ಕೆಟ್ಟಾಗ ದಾನಿಯ ಕಾರ್ನಿಯವನ್ನು ಕಸಿಮಾಡಬೇಕಾಗುತ್ತಿತ್ತು. 1990ರ ದಶಕದಲ್ಲಿ ಜರ್ಮನಿಯ ಡ್ರೆಸ್ಡೆನ್ ನಗರದ ವಿಜ್ಞಾನಿಗಳು ಹೊಸ ದಾರಿಯೊಂದನ್ನು ಕಂಡುಕೊಂಡರು. ಕಾರ್ನಿಯಕ್ಕೆ ರೈಬೊಫ್ಲೇವಿನ್, ಅಂದರೆ 'ಬಿ2' ಜೀವಸತ್ವದ ಹನಿಗಳನ್ನು ಹೀರಿಸಿ, ಅದರ ಮೇಲೆ ಅಳತೆಯರಿತ ಅತಿನೇರಳೆ ಕಿರಣವನ್ನು ಬೀಳಿಸಿದರು. ಮೂಲ ವಿಧಾನದಲ್ಲಿ ಇದಕ್ಕೆ ಹಿಡಿಯುವ ಕಾಲ 30 ನಿಮಿಷ. ಆಗ ಎಳೆಗಳ ನಡುವೆ ಹೊಸ ಬಂಧಗಳು ಏರ್ಪಡುತ್ತವೆ. ಸಡಿಲವಾದ ತಡಿಕೆಗೆ ಅಡ್ಡಪಟ್ಟಿ ಬಿಗಿದಂತೆ ಕಾರ್ನಿಯ ಗಟ್ಟಿಯಾಗುತ್ತದೆ. ಬೆಂಗಳೂರಿನ ನಾರಾಯಣ ನೇತ್ರಾಲಯವೇ ಮೊದಲಾದ ಆಸ್ಪತ್ರೆಗಳಲ್ಲಿ ಈ ಚಿಕಿತ್ಸೆ ದೊರೆಯುತ್ತದೆ.

ಆದರೆ ಈ ಚಿಕಿತ್ಸೆಯ ಮುಖ್ಯ ಉದ್ದೇಶ ಇರುವ ದೃಷ್ಟಿಯನ್ನು ಉಳಿಸುವುದು. ಕಳೆದುಹೋದುದನ್ನು ಪೂರ್ತಿಯಾಗಿ ಮರಳಿಸುವುದಲ್ಲ. ಕಾರ್ನಿಯ ಬಹಳ ತೆಳುವಾದ ಮೇಲೆ ಇದನ್ನು ಮಾಡುವುದೂ ಕಷ್ಟ. ಆದುದರಿಂದ ಕಣ್ಣು ತುರಿಸಿದರೆ ಉಜ್ಜದೆ ತಣ್ಣೀರಿನಿಂದ ತೊಳೆಯಬೇಕು; ಅಕ್ಷರ ಸೊಟ್ಟಗೆ ಕಂಡರೆ ಅದನ್ನು ಮುಚ್ಚಿಡದೆ ಹಿರಿಯರಿಗೆ ತಿಳಿಸಿ ನೇತ್ರವೈದ್ಯರನ್ನು ಕಾಣಬೇಕು.