ಕಾಣದ ಅಕ್ಷರಕ್ಕೆ ಮೂರು ಚುಕ್ಕಿ

ನಮ್ಮೂರು ತಿಪಟೂರಿನಿಂದ ಒಳಗೆ. ಬಸ್ಸಿಳಿದು ಅರ್ಧ ಮೈಲಿ ನಡೆಯಬೇಕು. ಆ ಅರ್ಧ ಮೈಲಿಯಲ್ಲಿ ಕಡಿಮೆಯೆಂದರೂ ಮೂರು ಜನ ಕೇಳುತ್ತಾರೆ: "ಇನ್ನೂ ಓದ್ತಾನೇ ಇದೀಯೇನವ್ವ?" ಹೌದು ಅನ್ನುತ್ತೇನೆ. "ಏನೋದ್ತಿದೀಯ?" ಕಲ್ಲು ಅನ್ನುತ್ತೇನೆ. ಅಲ್ಲಿಗೆ ಮಾತು ಮುಗಿಯುತ್ತದೆ.

ಅಪ್ಪ ಮಾತ್ರ ಬೇರೆ ಥರ ಕೇಳುತ್ತಾರೆ. ಅವರದು ಕೊಬ್ಬರಿ ಲೆಕ್ಕ. ಅಟ್ಟಕ್ಕೆ ಹಾಕಿದ ಕಾಯಿ ಉಂಡೆ ಕೊಬ್ಬರಿಯಾಗಲು ಹತ್ತು ಹನ್ನೊಂದು ತಿಂಗಳು ಬೇಕು. ನಡುವೆ ಒಡೆದು ನೋಡುವ ಹಾಗಿಲ್ಲ. ಕೈಯಲ್ಲಿ ಹಿಡಿದು ಅಲ್ಲಾಡಿಸಬೇಕು. ಒಳಗೆ ಗಡಗಡ ಅಂದರೆ ಒಣಗಿದೆ ಅಂತ. "ನಿಂದಿನ್ನೂ ಗಡಗಡ ಅಂತಿಲ್ವೇನೇ?" ಎಂದು ನಾಲ್ಕು ವರ್ಷದಿಂದ ಕೇಳುತ್ತಿದ್ದಾರೆ.

ಕನ್ನಡ ಎಂ.ಎ. ಮುಗಿಸಿದ ಮೇಲೆ ಒಂದು ಡಿಗ್ರಿ ಕಾಲೇಜಿನಲ್ಲಿ ಎರಡು ವರ್ಷ ಅತಿಥಿ ಉಪನ್ಯಾಸಕಿಯಾಗಿದ್ದೆ. ನೆಟ್ ಪರೀಕ್ಷೆ ಮೂರನೇ ಸಲಕ್ಕೆ ದಾಟಿ, ಜೆಆರ್‌ಎಫ್ ಫೆಲೋಶಿಪ್ ಸಿಕ್ಕಿತು. ಈಗ ಮೈಸೂರಿನಲ್ಲಿ ಪಿಎಚ್.ಡಿ. ನಾಲ್ಕನೇ ವರ್ಷ. ಯುಜಿಸಿಯ 2022ರ ನಿಯಮದ ಪ್ರಕಾರ ಪಿಎಚ್.ಡಿ.ಗೆ ಕನಿಷ್ಠ ಮೂರು ವರ್ಷ, ಗರಿಷ್ಠ ಆರು; ಹೆಣ್ಣುಮಕ್ಕಳಿಗೆ ಅದರ ಮೇಲೆ ಎರಡು ವರ್ಷ ರಿಯಾಯಿತಿ ಉಂಟು. ಈ ರಿಯಾಯಿತಿಯ ವಿಷಯವನ್ನು ಮನೆಯಲ್ಲಿ ಹೇಳಿಲ್ಲ.

ನನ್ನ ವಿಷಯ ವೀರಗಲ್ಲು. ಊರ ಹೊರಗೆ, ಕೆರೆ ಏರಿಯ ಮೇಲೆ, ಹಾಳು ಗುಡಿಯ ಮುಂದೆ ನಿಂತಿರುವ ಆ ಕಲ್ಲುಗಳನ್ನು ನೀವೂ ನೋಡಿರುತ್ತೀರಿ. ಸಾಮಾನ್ಯವಾಗಿ ಮೂರು ಅಂಕಣ. ಕೆಳಗೆ ಕಾಳಗ, ನಡುವೆ ಸತ್ತ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಅವನು. ಅಂಕಣಗಳ ನಡುವಿನ ಪಟ್ಟಿಯಲ್ಲಿ ಒಂದೆರಡು ಸಾಲು ಬರಹ. ದನ ಹೊಡೆದುಕೊಂಡು ಹೋಗುವವರನ್ನು ತಡೆದು ಸತ್ತರೆ ಅದು ತುರುಗೊಳ್, ಊರಿನ ಹೆಂಗಸರ ಮಾನಕ್ಕಾಗಿ ಕಾದಿ ಸತ್ತರೆ ಪೆಣ್ಬುಯ್ಯಲ್, ಊರಿಗೇ ದಾಳಿಯಾದರೆ ಊರಳಿವು. ‘ಬೆಂಗಳೂರು’ ಎಂಬ ಹೆಸರು ಮೊದಲು ಕಾಣುವುದೂ ಬೇಗೂರಿನ ಒಂದು ವೀರಗಲ್ಲಿನಲ್ಲೇ, ಸುಮಾರು 900ನೇ ಇಸವಿಯದು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಹಂದಿಯ ಜತೆ ಕಾದಿ ಸತ್ತ ಕಾಳಿ ಎಂಬ ನಾಯಿಗೂ ಕಲ್ಲು ನಿಲ್ಲಿಸಿದ್ದರು. ಅದೀಗ ಬೆಂಗಳೂರಿನ ಮ್ಯೂಸಿಯಮ್ಮಿನಲ್ಲಿದೆ.

ಸತ್ತವರ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ಆರ್. ಶೇಷಶಾಸ್ತ್ರಿಯವರ ‘ಕರ್ನಾಟಕದ ವೀರಗಲ್ಲುಗಳು’ ಇದೆ. ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ ಇದೆ. 1966ರಲ್ಲಿ ಪುಸ್ತಕವಾಗುವ ಮೊದಲು ಅದೂ ಪಿಎಚ್.ಡಿ. ಪ್ರಬಂಧವೇ. ಅದನ್ನು ತೆರೆದಾಗಲೆಲ್ಲ ಧೈರ್ಯ ಬರುತ್ತದೆ, ಹತ್ತು ಪುಟ ಓದುವಷ್ಟರಲ್ಲಿ ಬಂದ ಧೈರ್ಯ ಹೋಗುತ್ತದೆ. ಹಾಗಾಗಿ ನಾನು ಹಿಡಿದದ್ದು ಬೇರೆ ಪ್ರಶ್ನೆ: ಕಲ್ಲು ನಿಲ್ಲಿಸಿದವರು ಯಾರು? ಹೆಂಡತಿಯೋ, ತಮ್ಮನೋ, ಮಗನೋ, ಒಡೆಯನೋ? ಅರಸೀಕೆರೆ ತಾಲ್ಲೂಕು ಮತ್ತು ಅದರ ಆಸುಪಾಸು ನನ್ನ ಕ್ಷೇತ್ರ.

ಪಿಎಚ್.ಡಿ. ಅಂದರೆ ಲೈಬ್ರರಿಯಲ್ಲಿ ಕೂತು ಓದುವುದು ಎಂದುಕೊಂಡಿದ್ದೆ. ಮೊದಲ ವರ್ಷ ಹಾಗೆಯೇ ಇತ್ತು. ಕೋರ್ಸ್‌ವರ್ಕ್, ಸಂಶೋಧನಾ ವಿಧಾನದ ಪತ್ರಿಕೆ, ಸಂಜೆ ಕ್ಯಾಂಟೀನಿನ ಚಹಾ. ಶಾಸನಗಳ ಪಾಠ ಸಿಗುವುದು ‘ಎಪಿಗ್ರಾಫಿಯ ಕರ್ನಾಟಿಕ’ ಸಂಪುಟಗಳಲ್ಲಿ. ನಮ್ಮ ಬಾಯಲ್ಲಿ ಇ.ಸಿ. ಬೆಂಗಳೂರಿನಲ್ಲೇ ಹುಟ್ಟಿದ ಬಿ.ಎಲ್. ರೈಸ್ ಶಿಕ್ಷಣ ಇಲಾಖೆಯ ಅಧಿಕಾರಿಯಾಗಿ ಊರೂರು ಸುತ್ತುವಾಗ ಶಾಸನಗಳ ಗೀಳು ಹಿಡಿಸಿಕೊಂಡವರು. ಹನ್ನೆರಡು ಸಂಪುಟಗಳಲ್ಲಿ ಸುಮಾರು ಒಂಬತ್ತು ಸಾವಿರ ಶಾಸನಗಳನ್ನು ಅಚ್ಚು ಹಾಕಿಸಿದರು. ಹಾಸನ ಜಿಲ್ಲೆಯ ಸಂಪುಟ ಬಂದದ್ದು 1902ರಲ್ಲಿ. ಎಲ್ಲವೂ ಅಲ್ಲಿದೆ, ನಾನು ಪಟ್ಟಿ ಮಾಡಿದರೆ ಮುಗಿಯಿತು ಅನ್ನಿಸಿತ್ತು.

ನಮ್ಮ ಗೈಡ್ ಮೇಡಂ ನನ್ನ ಪಟ್ಟಿ ನೋಡಿ ಒಂದೇ ಪ್ರಶ್ನೆ ಕೇಳಿದರು. "ಇದರಲ್ಲಿ ನೀನು ಕಣ್ಣಾರೆ ನೋಡಿದ ಕಲ್ಲು ಎಷ್ಟು?" ಒಂದೂ ಇರಲಿಲ್ಲ. "ಹಾಗಾದರೆ ಇದು ರೈಸ್ ಅವರ ಪಿಎಚ್.ಡಿ.," ಎಂದು ಕಾಗದ ವಾಪಸು ಕೊಟ್ಟರು.

ಅಂದಿನಿಂದ ನನ್ನ ವಾರ ಎರಡು ಭಾಗ. ಸೋಮವಾರದಿಂದ ಗುರುವಾರ ಮೈಸೂರು. ಶುಕ್ರವಾರ ಬೆಳಿಗ್ಗೆ ಹಾಸನದ ಬಸ್ಸು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಟಿಕೆಟ್ಟಿನ ಖರ್ಚು ಉಳಿಯಿತು. ಕ್ಷೇತ್ರಕಾರ್ಯ ಮಾಡುವ ಹುಡುಗಿಯರಿಗೆ ಅದೂ ಒಂದು ಸಂಶೋಧನಾ ಅನುದಾನವೇ ಎಂದು ನಾನು ಹಾಸ್ಟೆಲಿನಲ್ಲಿ ಹೇಳುತ್ತಿರುತ್ತೇನೆ. ಚೀಲದಲ್ಲಿ ಗಟ್ಟಿ ಕಾಗದದ ಸುರುಳಿ, ಎರಡು ಬ್ರಶ್ಶು, ಮಸಿಯ ಡಬ್ಬಿ, ಬಟ್ಟೆ ಸುತ್ತಿದ ಗುಂಡು, ಟಾರ್ಚು, ಹಾವಿನ ಭಯಕ್ಕೆ ಗಮ್‌ಬೂಟು.

ಅಚ್ಚು ತೆಗೆಯುವುದನ್ನು ಹೇಳಲೇಬೇಕು. ಮೊದಲು ಕಲ್ಲನ್ನು ನೀರು ಹಾಕಿ ಮೆತ್ತಗೆ ತೊಳೆಯಬೇಕು. ಅಕ್ಷರದೊಳಗಿನ ಪಾಚಿ, ಎಣ್ಣೆ, ಕುಂಕುಮದ ಜಿಡ್ಡು ಬಿಡಬೇಕು. ಒದ್ದೆ ಕಲ್ಲಿನ ಮೇಲೆ ಒದ್ದೆ ಕಾಗದ ಹಾಸಿ, ಬಿರುಸು ಕೂದಲ ಬ್ರಶ್ಶಿನಿಂದ ಕುಟ್ಟುತ್ತಾ ಹೋದರೆ ಕಾಗದ ಅಕ್ಷರಗಳ ಗುಳಿಯೊಳಗೆ ಇಳಿಯುತ್ತದೆ. ಸ್ವಲ್ಪ ಆರಿದ ಮೇಲೆ ಮಸಿ ಸವರಿದ ಗುಂಡಿನಿಂದ ತಟ್ಟಬೇಕು. ಗುಳಿಗೆ ಮಸಿ ತಾಗುವುದಿಲ್ಲ. ಕಪ್ಪು ನೆಲದ ಮೇಲೆ ಬಿಳಿ ಅಕ್ಷರಗಳು ಒಂದೊಂದೇ ಎದ್ದು ಬರುತ್ತವೆ. ಆ ಹೊತ್ತಿನ ಸುಖಕ್ಕೆ ಹೋಲಿಕೆ ನನಗೆ ಸಿಕ್ಕಿಲ್ಲ. ಗಾಳಿ ಬೀಸಿ ಕಾಗದ ಹರಿದರೆ ಆಗುವ ಸಂಕಟಕ್ಕೂ ಸಿಕ್ಕಿಲ್ಲ. ಬೆಂಗಳೂರಿನಲ್ಲಿ ಮಿಥಿಕ್ ಸೊಸೈಟಿಯವರು ಈಗ ಶಾಸನಗಳನ್ನು ತ್ರೀಡಿ ಸ್ಕ್ಯಾನ್ ಮಾಡುತ್ತಾರೆ. ಸವೆದ ಅಕ್ಷರವನ್ನೂ ಅದು ಎತ್ತಿ ತೋರಿಸುತ್ತದೆ. ನನ್ನ ಬಳಿ ಇರುವುದು ಟಾರ್ಚು. ಕತ್ತಲಾದ ಮೇಲೆ ಪಕ್ಕದಿಂದ ಓರೆಯಾಗಿ ಬೆಳಕು ಬಿಟ್ಟರೆ ಮಧ್ಯಾಹ್ನ ಇಲ್ಲದ ಗೆರೆಗಳು ಕಾಣುತ್ತವೆ. ಸಂಜೆ ಏಳಕ್ಕೆ ಹುಡುಗಿಯೊಬ್ಬಳು ಟಾರ್ಚು ಹಿಡಿದು ಊರ ಹೊರಗಿನ ಕಲ್ಲಿನ ಮುಂದೆ ಕೂತರೆ ಊರು ಏನೆಂದುಕೊಳ್ಳುತ್ತದೆ ಅನ್ನುವುದು ಬೇರೆ ಮಾತು.

ಒಮ್ಮೆ ಒಬ್ಬ ಅಜ್ಜ ಹತ್ತಿರ ಬಂದು, ದನಿ ತಗ್ಗಿಸಿ ಕೇಳಿದರು. "ನಿಧಿ ಎಲ್ಲೈತೆ ಅಂತ ಬರ್ದವ್ರೇನವ್ವ?"

"ಇಲ್ಲ ತಾತ, ಯಾರೋ ದನ ಬಿಡಿಸಕ್ಕೋಗಿ ಸತ್ತಿದ್ದು ಬರೆದಿದಾರೆ."

"ಯಾರ ದನ?"

"ಊರಿನ ದನ."

ತಾತ ಹೆಗಲ ಮೇಲಿನ ಟವೆಲ್ ತೆಗೆದು ಕಲ್ಲಿಗೆ ಕೈ ಮುಗಿದರು. ಆ ಕಲ್ಲಿನ ಬುಡವನ್ನು ನಿಧಿಗಾಗಿ ಯಾರೋ ಆಗಲೇ ಎರಡು ಸಲ ಅಗೆದಿದ್ದರು.

ಮೈಸೂರಿಗೆ ಬಂದ ಮೇಲೆ ಓದುವ ಕೆಲಸ. ಹೊಯ್ಸಳರ ಕಾಲದ ಲಿಪಿಯಲ್ಲಿ ಪ, ವ, ಮ ಅಣ್ಣತಮ್ಮಂದಿರ ಹಾಗೆ. ಸವೆದ ಕಲ್ಲಿನಲ್ಲಂತೂ ಗುರುತೇ ಸಿಗುವುದಿಲ್ಲ. ಈಗ ನಮ್ಮಲ್ಲಿಲ್ಲದ ಱ, ೞ ಬೇರೆ. ಆದರೆ ೞ ಉಪಕಾರಿ: ಅದನ್ನು ಸರಿಯಾದ ಜಾಗದಲ್ಲಿ ಬಳಸಿದ್ದರೆ ಕಲ್ಲು ಹಳೆಯದಿರಬಹುದು, ಳ ಬರೆಯಬೇಕಾದಲ್ಲೂ ೞ ಬರೆದಿದ್ದರೆ ಬರೆದವನಿಗೆ ಉಚ್ಚಾರ ಮರೆತುಹೋಗಿತ್ತು ಎಂದು ಅರ್ಥ.

ಕಾಲದ ಲೆಕ್ಕ ಇನ್ನೊಂದು ಮಜ. ಶಕವರ್ಷಕ್ಕೆ 78 ಕೂಡಿಸಿದರೆ ಇಸವಿ ಬರುತ್ತದೆ ಎಂದು ಹೈಸ್ಕೂಲಿನಲ್ಲೇ ಓದಿರುತ್ತೇವೆ. ಶಕ 1094 ಎಂದರೆ 1172, ನಂದನ ಸಂವತ್ಸರ. ಕಲ್ಲಿನಲ್ಲಿ 1094 ಎಂದು ಕೆತ್ತಿ ಖರ ಸಂವತ್ಸರ ಎಂದಿದ್ದರೆ? ಕೆತ್ತಿದವನು ತಪ್ಪಿದ ಎಂದು ನಾನು ಷರಾ ಬರೆದಿದ್ದೆ. ತಪ್ಪು ನನ್ನದು. ಕೆಲವರು ಮುಗಿದ ವರ್ಷ ಎಣಿಸುತ್ತಿದ್ದರು, ಕೆಲವರು ನಡೆಯುತ್ತಿರುವ ವರ್ಷ. ಇದು ನನ್ನ ತಲೆಗೆ ಹತ್ತಿದ್ದು ಮನೆಯಲ್ಲಿ. ಗಂಡಿನ ಕಡೆಯವರು ಕೇಳಿದಾಗ ಅಮ್ಮ "ಇಪ್ಪತ್ತೊಂಬತ್ತು ತುಂಬಿದೆ" ಅಂದಳು. ಒಳಗಿನಿಂದ ಬಂದ ಅತ್ತೆ "ಮೂವತ್ತು ನಡೀತಿದೆ" ಅಂದರು. ಇಬ್ಬರೂ ನಿಜವನ್ನೇ ಹೇಳಿದ್ದರು. ಸಂಬಂಧ ಮಾತ್ರ ಮುಂದುವರಿಯಲಿಲ್ಲ. ತಿಥಿ, ವಾರ ತಾಳೆ ನೋಡಲು ಸ್ವಾಮಿಕಣ್ಣು ಪಿಳ್ಳೆಯವರ ಪಂಚಾಂಗ ಸಂಪುಟಗಳಿವೆ, ನೂರು ವರ್ಷ ಹಳೆಯವು. ಈಗ ಕಂಪ್ಯೂಟರಿನಲ್ಲಿ ಕ್ಷಣದಲ್ಲಿ ಬರುತ್ತದೆ. ಆದರೂ ಮೇಡಂ ಮೊದಲ ಇಪ್ಪತ್ತು ಕಲ್ಲುಗಳಿಗೆ ಪುಸ್ತಕದಲ್ಲೇ ಲೆಕ್ಕ ಹಾಕಿಸಿದರು.

ಎರಡನೇ ವರ್ಷದ ಕೊನೆಗೆ ನನಗೊಂದು ಕಲ್ಲು ಸಿಕ್ಕಿತು. ಇ.ಸಿ.ಯಲ್ಲಿ ಇರಲಿಲ್ಲ. ಕಣದ ಬದಿಯಲ್ಲಿ ಅರ್ಧ ಹೂತಿತ್ತು. ಅಚ್ಚು ತೆಗೆದೆ. ಮೊದಲ ಸಾಲಿನಲ್ಲಿ ತುರುಗೊಳ್. ಎರಡನೇ ಸಾಲಿನಲ್ಲಿ ‘ಆತನ ಮಗ’, ಆಮೇಲೆ ಒಂದು ಸುರುಳಿ ಗೆರೆ, ನಂತರ ಕಲ್ಲು ನಿಲ್ಲಿಸಿದ ಮಾತು. ಸುರುಳಿಯನ್ನು ಳ್ ಎಂದು ಓದಿದೆ. ಆತನ ಮಗಳ್! ಅಪ್ಪನಿಗೆ ಮಗಳು ನಿಲ್ಲಿಸಿದ ಕಲ್ಲು. ನಾನು ಒಬ್ಬಳೇ ಮಗಳು, ನನಗೆಷ್ಟು ಖುಷಿಯಾಗಿರಬೇಡ. ಅಪ್ಪನಿಗೆ ಫೋನ್ ಮಾಡಿ ಹೇಳಿದೆ. ಒಂದು ವಿಚಾರ ಸಂಕಿರಣಕ್ಕೆ ಪ್ರಬಂಧ ಬರೆದೆ. ನಾಲ್ಕು ತಿಂಗಳು ಆ ಮಗಳ ಜತೆಗೇ ಇದ್ದೆ. ಅವಳಿಗೆ ಅಣ್ಣತಮ್ಮಂದಿರು ಇರಲಿಲ್ಲವೇನೋ, ಹೊಲ ಅವಳ ಹೆಸರಿಗೆ ಬಂದಿತ್ತೇನೋ ಎಂದೆಲ್ಲ ಹನ್ನೊಂದು ಪುಟ.

ಮೇಡಂ ಪ್ರಬಂಧ ಓದಲಿಲ್ಲ. ಅಚ್ಚು ತರಿಸಿಕೊಂಡು, ಕಿಟಕಿಯ ಗಾಜಿಗೆ ಹಿಡಿದು, ತಿರುಗಿಸಿ ಹಿಂಬದಿಯನ್ನೂ ನೋಡಿದರು. "ಉಳಿದ ಅಕ್ಷರಗಳ ಗುಳಿ ಎಷ್ಟು ಆಳ ಇದೆ? ಇದರದ್ದು ಎಷ್ಟಿದೆ?" ಅಂದರು. ಬೆರಳಿಟ್ಟು ನೋಡಿದೆ. ಸುರುಳಿಯ ಅಂಚು ಉಳಿಯಿಂದ ಕೆತ್ತಿದ್ದಲ್ಲ, ಕಲ್ಲು ಚಕ್ಕೆ ಎದ್ದದ್ದು. ನಿಲ್ಲಿಸಿದಳೋ ನಿಲ್ಲಿಸಿದನೋ ಎಂದು ಹೇಳಬೇಕಾದ ಕ್ರಿಯಾಪದದ ಕೊನೆಯೂ ಒಡೆದುಹೋಗಿತ್ತು.

"ಮಗ ಅಂತಲೇ ಇರಬಹುದಾ ಮೇಡಂ?"

"ಅದನ್ನೂ ನಾನು ಹೇಳಲಿಲ್ಲ. ಮಗಳು ಇರಲಿ ಅಂತ ನಿನಗಾಸೆ, ಕಲ್ಲಿಗಿಲ್ಲ. ಕಾಣದ ಕಡೆ ಚುಕ್ಕಿ ಇಡು."

ಶಾಸನದ ಪಾಠ ಕೊಡುವಾಗ ಓದಲಾಗದ ಅಕ್ಷರಗಳ ಜಾಗದಲ್ಲಿ ಚುಕ್ಕಿ ಹಾಕುವುದು ಈ ಶಾಸ್ತ್ರದ ಪದ್ಧತಿ. ಮೊದಲ ವರ್ಷವೇ ಪಾಠವಾಗಿತ್ತು, ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ತಗೊಂಡಿದ್ದೆ. ಆದರೆ ಆ ದಿನ ಮೂರು ಚುಕ್ಕಿ ಇಡಲು ನನಗೆ ಅರ್ಧ ಗಂಟೆ ಹಿಡಿಯಿತು. ಹಾಸ್ಟೆಲಿಗೆ ಹೋಗಿ ಅತ್ತೆ. ಪಕ್ಕದ ರೂಮಿನ ರಸಾಯನಶಾಸ್ತ್ರದ ಹುಡುಗಿ ಮೆಸ್ಸಿನಿಂದ ಚಿತ್ರಾನ್ನ ತಂದಿಟ್ಟು, "ನನ್ನ ರಿಯಾಕ್ಷನ್ ಏಳನೇ ಸಲ ಫೇಲ್ ಆಯ್ತು, ತಿನ್ನು," ಅಂದಳು. ಸಂಕಿರಣದ ಪ್ರಬಂಧ ವಾಪಸು ತಗೊಂಡೆ. ಅಪ್ಪನಿಗೆ ಫೋನ್ ಮಾಡಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಲ್ಲಾಡಿಸಿ ನೋಡ್ದೆ ಒಡೆದ್ಬಿಟ್ಟೆ ಅನ್ನು," ಅಂದರು.

ಓದುವ ಮಕ್ಕಳ ಮನೆಯವರಿಗೆ ದುಡ್ಡಿನ ಮಾತೂ ಗೊತ್ತಿರಲಿ. 2023ರ ಜನವರಿಯಿಂದ ಅನ್ವಯವಾದಂತೆ ಜೆಆರ್‌ಎಫ್ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ನಂತರ ಎಸ್‌ಆರ್‌ಎಫ್ ಆದರೆ 42,000. ಕೇಳಲು ಚೆನ್ನಾಗಿದೆ. ನನಗೆ ಒಮ್ಮೆ ಐದು ತಿಂಗಳು ಬರಲಿಲ್ಲ, ಆರನೇ ತಿಂಗಳು ಒಟ್ಟಿಗೆ ಬಂತು. ನಡುವಿನ ಮೆಸ್ ಬಿಲ್ಲು ಕೊಬ್ಬರಿ ಮಾರಿದ ದುಡ್ಡಿನಲ್ಲಿ ಹೋಯಿತು. ಫೆಲೋಶಿಪ್ ಇಲ್ಲದೆ, ಅತಿಥಿ ಉಪನ್ಯಾಸಕರಾಗಿ ದುಡಿಯುತ್ತಾ ಪಿಎಚ್.ಡಿ. ಮಾಡುವ ನನ್ನ ಗೆಳೆಯರಿಗೆ ಹೋಲಿಸಿದರೆ ನಾನು ಜಮೀನ್ದಾರಳು.

ಈಗ ಬರೆಯುವ ಹಂತ. ಹಳೆಯ ಟಿಪ್ಪಣಿಗಳೆಲ್ಲ ‘ನುಡಿ’ ತಂತ್ರಾಂಶದಲ್ಲಿ ಟೈಪಿಸಿದವು. ಯೂನಿಕೋಡಿಗೆ ತಂದಾಗ ನನ್ನ ಱ, ೞಗಳೆಲ್ಲ ಚೌಕ ಡಬ್ಬಿಗಳಾದವು. ಒಂದೊಂದನ್ನೇ ಸರಿ ಮಾಡುತ್ತಿದ್ದೇನೆ. ಇನ್ನು ಕೃತಿಚೌರ್ಯದ ತಪಾಸಣೆ: ಹೋಲಿಕೆ ನೂರಕ್ಕೆ ಹತ್ತನ್ನು ಮೀರಬಾರದು. ದಾನ ಕೊಟ್ಟದ್ದನ್ನು ಕಿತ್ತುಕೊಂಡವರಿಗೆ ಹಾಕುವ ಶಾಪವೋ ನೂರಾರು ಶಾಸನಗಳಲ್ಲಿ ಒಂದೇ. ಎಂಟುನೂರು ವರ್ಷದ ಹಿಂದಿನ ಕಲ್ಲುಕುಟಿಗರ ಮೇಲೆ ಯಾರು ಕೇಸು ಹಾಕಬೇಕು?

ಕಳೆದ ಮೇ ತಿಂಗಳಲ್ಲಿ ಕೊನೆಯ ಸಲ ತಾಳೆ ನೋಡಲು ಮಗಳ ಕಲ್ಲಿಗೆ ಹೋಗಿದ್ದೆ. ಈಗಲೂ ಹಾಗೆಯೇ ಕರೆಯುತ್ತೇನೆ, ಬರಹದಲ್ಲಿ ಮಾತ್ರ ಚುಕ್ಕಿ. ಕಲ್ಲು ಕಣದಲ್ಲಿರಲಿಲ್ಲ. ದೇವಸ್ಥಾನದ ಜೀರ್ಣೋದ್ಧಾರಕ್ಕೆ ಊರಿನ ಹುಡುಗರು ಭಕ್ತಿಯಿಂದ ಎತ್ತಿ ತಂದು ಸಿಮೆಂಟಿನಲ್ಲಿ ನಿಲ್ಲಿಸಿದ್ದರು. ಪೂರಾ ಕಪ್ಪು ಆಯಿಲ್ ಪೇಂಟು, ಅಕ್ಷರಗಳಿಗೆ ಬಿಳಿ. ಎರಡನೇ ಸಾಲಿನ ಒಡೆದ ಜಾಗದಲ್ಲೂ ಪೇಂಟರು ತನಗೆ ತೋಚಿದಂತೆ ಎರಡು ಗೆರೆ ಎಳೆದಿದ್ದ. ಇನ್ನು ಮುಂದೆ ಬಂದವರು ಅವನನ್ನೇ ಓದಬೇಕು. ಕೆಳಗಿನ ಸಾಲು ಸಿಮೆಂಟಿನೊಳಗೆ ಹೋಗಿದೆ. ಹುಡುಗರಿಗೆ ನಾನು ಏನೂ ಅನ್ನಲಿಲ್ಲ. ಅವರು ಮಾಡಿದ್ದು ನಾನು ಮಾಡಿದ್ದಕ್ಕಿಂತ ಬೇರೆಯೇನಲ್ಲ.

ನಿಮ್ಮೂರಿನಲ್ಲೂ ಇಂಥ ಕಲ್ಲು ಇದ್ದೀತು. ಬಣ್ಣ ಬಳಿಯಬೇಡಿ, ಸುಣ್ಣವನ್ನೂ ಹಚ್ಚಬೇಡಿ. ನೀರಲ್ಲಿ ತೊಳೆದು, ಬೆಳಗಿನ ಓರೆ ಬಿಸಿಲಿನಲ್ಲಿ ಫೋಟೊ ತೆಗೆದು, ಹತ್ತಿರದ ಕಾಲೇಜಿನ ಕನ್ನಡ ವಿಭಾಗಕ್ಕೆ ಕಳಿಸಿ. ಊರ ಹೆಸರು, ಯಾರ ಹೊಲ ಎನ್ನುವುದನ್ನು ಜತೆಗೆ ಬರೆಯಿರಿ. ಏನು ಬರೆದಿದೆ ಎಂದು ಗೊತ್ತಾಗದಿದ್ದರೂ ಪರವಾಗಿಲ್ಲ, ಹಾಗೆಯೇ ಕಳಿಸಿ.