ಐದು ಪೆಟ್ಟಿಗೆ, ಒಂದೇ ಕಂಠ

ಮನೆಯ ಥಿಯೇಟರಿನ ಎವಿ ರಿಸೀವರ್‌ ಮೆನುವಿನಲ್ಲಿ ‘ಟೆಸ್ಟ್ ಟೋನ್’ ಎಂಬುದೊಂದಿರುತ್ತದೆ. ಒತ್ತಿದರೆ ಮಾತೂ ಇಲ್ಲ, ಹಾಡೂ ಇಲ್ಲ. ‘ಸೋ’ ಎಂಬ ಒಂದೇ ಸದ್ದು ಎಡ ಸ್ಪೀಕರಿನಿಂದ ಹೊರಟು ಸೆಂಟರ್, ಬಲ, ಹಿಂಬದಿ ಎಂದು ಕೋಣೆಯನ್ನು ಸುತ್ತು ಹಾಕುತ್ತದೆ. ತಂತ್ರಜ್ಞರ ಬಾಯಲ್ಲಿ ಇದು ಪಿಂಕ್ ನಾಯ್ಸ್. ಮಂದ್ರದಿಂದ ತಾರದವರೆಗೆ ಪ್ರತಿ ಸಪ್ತಕಕ್ಕೂ ಸಮಪಾಲು ಶಕ್ತಿ ಹಂಚಿದ ಸದ್ದು. ಹೆಚ್ಚಿನವರು ಇದರಿಂದ ವಾಲ್ಯೂಮ್ ಸರಿ ಮಾಡಿಕೊಂಡು ಮೆನು ಮುಚ್ಚುತ್ತಾರೆ. ಪಳಗಿದ ಕಿವಿ ಮಾತ್ರ ಇನ್ನೊಂದಕ್ಕಾಗಿ ಕಾಯುತ್ತದೆ. ಎಡದಲ್ಲಿ ತುಂಬಿಕೊಂಡಿದ್ದ ‘ಸೋ’ ಟಿವಿ ಕೆಳಗಿನ ಪೆಟ್ಟಿಗೆಗೆ ಬಂದಾಗ ‘ಶ್ಶ್’ ಆಯಿತೇ? ಮೂಗು ಕಟ್ಟಿದಂತಾಯಿತೇ?

ಆಯಿತೆಂದರೆ ಸೆಟ್ ಹೊಂದಿಲ್ಲ ಎಂದೇ ಅರ್ಥ.

ಒಂದೇ ಶ್ರುತಿಯ ಷಡ್ಜವನ್ನು ಕೊಳಲೂ ಪಿಟೀಲೂ ನುಡಿಸಿದರೆ ಯಾವುದು ಯಾವುದೆಂದು ಯಾರಿಗಾದರೂ ತಿಳಿಯುತ್ತದೆ. ಅದು ನಾದಗುಣ. ಸ್ಪೀಕರಿಗೆ ಸ್ವಂತ ನಾದಗುಣ ಇರಬಾರದು; ಆದರೆ ಸದ್ದು ಹೊರಡಿಸುವ ಡ್ರೈವರ್, ಅದನ್ನು ಡ್ರೈವರ್‌ಗಳಿಗೆ ಹಂಚುವ ಕ್ರಾಸ್‌ಓವರ್, ಪೆಟ್ಟಿಗೆಯ ಗಾತ್ರ ಎಲ್ಲವೂ ಸೇರಿ ಒಂದಿಷ್ಟು ಅಂಟಿಸಿಯೇ ಬಿಡುತ್ತವೆ. ಸಂಗೀತಕ್ಕೆ ಎರಡೇ ಸ್ಪೀಕರ್ ಇದ್ದಾಗ ಅವು ಹೇಗೂ ಜೋಡಿ, ತಕರಾರಿಲ್ಲ. ಸಿನಿಮಾದಲ್ಲಿ ಹಾಗಲ್ಲ. ಬೈಕೊಂದು ಪರದೆಯ ಎಡದಿಂದ ಬಲಕ್ಕೆ ಹಾದರೆ ಅದರ ಸದ್ದು ಮೂರು ಸ್ಪೀಕರ್ ದಾಟಬೇಕು. ನಡುವಿನದು ಬೇರೆ ಜಾತಿಯದಾದರೆ ಅಲ್ಲಿ ಎಂಜಿನ್ನೇ ಬದಲಾಗುತ್ತದೆ.

ತಕರಾರಿನ ಮೂಲ ಬಹುಪಾಲು ಸೆಂಟರ್ ಸ್ಪೀಕರೇ. ಸಂಭಾಷಣೆಯ ಹೊರೆಯೆಲ್ಲ ಅದರ ಮೇಲೆ, ಜಾಗ ಮಾತ್ರ ಟಿವಿ ಕೆಳಗಿನ ಗೇಣಗಲದ ಹಲಗೆ. ಹಾಗಾಗಿ ಅದನ್ನು ಅಡ್ಡಡ್ಡ ಮಲಗಿಸಿ, ತಾರದ ಟ್ವೀಟರಿನ ಆಚೀಚೆ ಒಂದೊಂದು ಮಂದ್ರದ ವೂಫರ್ ಕೂರಿಸುತ್ತಾರೆ. ನೋಡಲು ಲಕ್ಷಣ. ಲೆಕ್ಕ ಹಾಕಿದರೆ ಗುಟ್ಟು ರಟ್ಟಾಗುತ್ತದೆ. ವೂಫರ್‌ಗಳ ಕೇಂದ್ರಗಳ ನಡುವೆ 30 ಸೆಂ.ಮೀ. ಅಂತರವಿದೆ ಎನ್ನಿ. ಸೋಫಾದ ತುದಿಯಲ್ಲಿ, 30 ಡಿಗ್ರಿ ಓರೆಯಲ್ಲಿ ಕೂತವರಿಗೆ ಒಂದು ವೂಫರಿನ ಸದ್ದು ಇನ್ನೊಂದಕ್ಕಿಂತ 15 ಸೆಂ.ಮೀ. ಹೆಚ್ಚು ದಾರಿ ನಡೆದು ಬರುತ್ತದೆ. ಸುಮಾರು 1,150 ಹರ್ಟ್ಸ್‌ನಲ್ಲಿ ಅದು ಸರಿಯಾಗಿ ಅರ್ಧ ತರಂಗ. ಎರಡೂ ಪರಸ್ಪರ ಅಳಿಸಿಹಾಕುತ್ತವೆ. ಮಾತು ಸ್ಪಷ್ಟವಾಗಿ ಕೇಳಬೇಕಾದ ಜಾಗದಲ್ಲೇ ಗುಂಡಿ! ಒಳ್ಳೆಯ ತಯಾರಕರು ನಡುವೆ ಚಿಕ್ಕ ಮಿಡ್‌ರೇಂಜ್ ಇಟ್ಟು, ಅದರ ನೆತ್ತಿಯ ಮೇಲೆ ಟ್ವೀಟರ್ ಕೂರಿಸಿ ಇದನ್ನು ತಪ್ಪಿಸುತ್ತಾರೆ. ಚಿತ್ರಮಂದಿರದಲ್ಲಿ ಈ ಪೇಚಾಟವೇ ಇಲ್ಲ: ಸಣ್ಣ ತೂತುಗಳ ಪರದೆಯ ಹಿಂದೆ ಎಡ, ನಡು, ಬಲ ಮೂರೂ ಒಂದೇ ಮಾದರಿಯವು.

ಹಾಗಾದರೆ ಎಲ್ಲವೂ ಒಂದೇ ಕಂಪನಿಯದಾದರೆ ಸಾಕೇ? ಅಂಗಡಿಯವರು ಹಾಗೆಂದೇ ಹೇಳುತ್ತಾರೆ. ಅದು ಅರ್ಧ ಸತ್ಯ. ಕೆನಡಾದ ಒಟ್ಟಾವಾದಲ್ಲಿ ನ್ಯಾಷನಲ್ ರಿಸರ್ಚ್ ಕೌನ್ಸಿಲ್‌ನ ವಿಜ್ಞಾನಿ ಫ್ಲಾಯ್ಡ್ ಟೂಲ್ ಸ್ಪೀಕರ್‌ಗಳನ್ನು ತೆರೆಯ ಹಿಂದೆ ಮರೆಮಾಡಿ ಜನರಿಗೆ ಕೇಳಿಸುತ್ತಿದ್ದರು. ನೇರ ಎದುರಿನಲ್ಲಿ ಸದ್ದು ಸಮತಟ್ಟಾಗಿಯೂ ಓರೆಗೆ ಸರಿದಂತೆ ನಯವಾಗಿ ಇಳಿಯುತ್ತಲೂ ಹೋಗುವ ಸ್ಪೀಕರನ್ನೇ ಬಹುತೇಕರು ಮೆಚ್ಚಿದರು. 1991ರಲ್ಲಿ ಅವರು ಹರ್ಮನ್ ಕಂಪನಿ ಸೇರಿದರು. ಅಲ್ಲಿ ಕ್ಯಾಲಿಫೋರ್ನಿಯಾದ ನಾರ್ತ್‌ರಿಜ್‌ನಲ್ಲಿ ಇಂಥ ಪರೀಕ್ಷೆಗೆಂದೇ ಹುಟ್ಟಿದ ಕೋಣೆಯಲ್ಲಿ ಯಂತ್ರವೊಂದು ಕೆಲವೇ ಸೆಕೆಂಡುಗಳಲ್ಲಿ ಒಂದು ಸ್ಪೀಕರ್ ಸರಿಸಿ, ಇನ್ನೊಂದನ್ನು ಅದೇ ಜಾಗಕ್ಕೆ ತಂದು ನಿಲ್ಲಿಸುತ್ತದೆ. 1994ರಲ್ಲಿ ಟೂಲ್ ಮತ್ತು ಸಹೋದ್ಯೋಗಿ ಶಾನ್ ಆಲಿವ್ ಕಂಪನಿಯದೇ 40 ಮಂದಿಯನ್ನು ಕೂರಿಸಿ, ಒಮ್ಮೆ ತೆರೆ ಇಟ್ಟು, ಒಮ್ಮೆ ತೆಗೆದು ಕೇಳಿಸಿದರು. ಪೆಟ್ಟಿಗೆ ಕಣ್ಣಿಗೆ ಬಿದ್ದೊಡನೆ ಅಂಕಗಳು ಬದಲಾದವು. ಅಂದರೆ, ಸ್ವಂತ ನಾದಗುಣ ಅಂಟಿಸದ ಎರಡು ಒಳ್ಳೆಯ ಸ್ಪೀಕರ್‌ಗಳು, ಕಂಪನಿ ಬೇರೆಯಾದರೂ, ಹೊಂದಿಕೊಳ್ಳಬಲ್ಲವು. ಒಂದೇ ಕಂಪನಿಯ ಅಗ್ಗದ ಸಾಲು ಮತ್ತು ದುಬಾರಿ ಸಾಲು ಹೊಂದಲೇಬೇಕೆಂದಿಲ್ಲ.

ಹಿಂಬದಿಯ ಸರೌಂಡ್ ವಿಷಯ ಬೇರೆ. ಪಕ್ಕದಿಂದ ಬಂದ ಸದ್ದನ್ನು ನಮ್ಮ ಕಿವಿಯ ಆಲಿಕೆಯೇ ತಿದ್ದುತ್ತದೆ, ಆದ್ದರಿಂದ ಅದೇ ಸ್ಪೀಕರ್ ಅಲ್ಲಿ ಬೇರೆಯಾಗಿ ಕೇಳುತ್ತದೆ. ಲೂಕಾಸ್‌ಫಿಲ್ಮ್‌ನಲ್ಲಿ ಟಿಎಚ್‌ಎಕ್ಸ್ ಎಂಬ ಚಿತ್ರಮಂದಿರದ ಧ್ವನಿ ಮಾನದಂಡ ರೂಪಿಸಿದ ಟಾಮ್ಲಿನ್ಸನ್ ಹೋಲ್ಮನ್ ಇದನ್ನು ಗಮನಕ್ಕೆ ತೆಗೆದುಕೊಂಡೇ ಮನೆಯ ಆವೃತ್ತಿಯಲ್ಲಿ ಸರೌಂಡ್‌ಗೆ ಪ್ರತ್ಯೇಕ ತಿದ್ದುಪಡಿ ಸೇರಿಸಿದ್ದರು. ಸಬ್‌ವೂಫರ್‌ಗೆ ನಾದಗುಣ ಹೊಂದಬೇಕೆಂಬ ನಿಯಮದಿಂದ ಪೂರ್ತಿ ವಿನಾಯಿತಿ. 80 ಹರ್ಟ್ಸ್‌ಗಿಂತ ಕೆಳಗೆ ಸದ್ದು ಎಲ್ಲಿಂದ ಬಂತೆಂಬುದೇ ಕಿವಿಗೆ ಸರಿಯಾಗಿ ತಿಳಿಯುವುದಿಲ್ಲ.

ಇನ್ನು ಕೋಣೆ. ಬೆಂಗಳೂರಿನ ಅಪಾರ್ಟ್‌ಮೆಂಟ್ ಹಾಲ್‌ಗಳಲ್ಲಿ ಎಡಕ್ಕೆ ಬಾಲ್ಕನಿಯ ಗಾಜು, ಬಲಕ್ಕೆ ಡೈನಿಂಗಿನ ಬಯಲು, ಕೆಳಗೆ ವಿಟ್ರಿಫೈಡ್ ಟೈಲ್ಸ್ ಸಾಮಾನ್ಯ. ತದ್ರೂಪಿ ಸ್ಪೀಕರ್‌ಗಳೂ ಅಲ್ಲಿ ಎರಡು ಮಾತಾಡುತ್ತವೆ. ಜತೆಗೆ ಬರುವ ಪುಟ್ಟ ಮೈಕಿನಿಂದ ಅಳೆದು ರಿಸೀವರ್ ತನ್ನ ಈಕ್ವಲೈಜರಿನಲ್ಲಿ ಒಂದಿಷ್ಟು ತಿದ್ದುತ್ತದೆ ನಿಜ. ಆದರೆ ಓರೆಗೆ ಚೆಲ್ಲುವ ಸದ್ದಿನ ಸ್ವಭಾವವನ್ನು ಈಕ್ವಲೈಜರ್ ಬದಲಿಸಲಾರದು. ಅದಕ್ಕಿಂತ ಒಂದು ದಪ್ಪ ಪರದೆ, ಒಂದು ಜಮಖಾನೆ ಹೆಚ್ಚು ಕೆಲಸ ಮಾಡಿಯಾವು.

ಸೆಂಟರ್ ಎಂಬ ಹೆಸರಿನ ಪೆಟ್ಟಿಗೆಯನ್ನೇ ಬಿಟ್ಟು, ಒಂದೇ ಮಾದರಿಯ ಮೂರು ಬುಕ್‌ಶೆಲ್ಫ್ ಸ್ಪೀಕರ್‌ಗಳನ್ನು ಒಂದೇ ಎತ್ತರಕ್ಕೆ ನಿಲ್ಲಿಸುವವರೂ ಇದ್ದಾರೆ. ಅವು ಸಾಮಾನ್ಯವಾಗಿ ಜೋಡಿಯಾಗಿಯೇ ಮಾರಾಟವಾಗುವುದರಿಂದ ನಾಲ್ಕನೆಯದೊಂದು ಉಳಿಯುತ್ತದೆ. ಅದನ್ನು ಮಾರಬಾರದು, ಐದು ವರ್ಷದ ಮೇಲೆ ಟ್ವೀಟರೊಂದು ಸುಟ್ಟರೆ ಅದೇ ಮಾಡೆಲ್ ಅಂಗಡಿಯಲ್ಲಿ ಸಿಗುವ ಭರವಸೆಯಿಲ್ಲ.