ಶಂಖದೊಳಗಿನ ಬೇಟೆಗಾರ

‘ಶಂಖದಿಂದ ಬಂದರೇ ತೀರ್ಥ’ ಎಂಬ ಗಾದೆಯನ್ನು ನೀವೆಲ್ಲರೂ ಬಲ್ಲಿರಿ. ಆದರೆ ಆ ಶಂಖ ಬಂದದ್ದೆಲ್ಲಿಂದ? ಕಡಲಿಗೆ ಬಲುದೂರವಾದ ಬೆಂಗಳೂರಿನ ಶೆಟ್ಟಿಹಳ್ಳಿಯಲ್ಲಿಯೂ ದೇವರ ಮನೆಯಲ್ಲಿ ಅದಕ್ಕೆ ಸ್ಥಾನವುಂಟು. ದಾಸಯ್ಯನ ಜಾಗಟೆಗೂ ಅದೇ ಜೊತೆ. ಆದರೆ ಆ ನೆಲವನ್ನು ಅಗೆದರೆ ಶಂಖ ಸಿಕ್ಕದು. ಬೆಂಗಳೂರಿನ ಸುತ್ತಲ ಬಂಡೆಗಳು ಸುಮಾರು 300 ಕೋಟಿ ವರ್ಷ ಹಳೆಯವು. ಚಿಪ್ಪಿನ ಪ್ರಾಣಿಗಳೇ ಹುಟ್ಟಿರದ ಕಾಲದವು.

ಶಂಖವೆಂಬುದು ಕಡಲ ಬಸವನಹುಳುವೊಂದರ ಮನೆ. ಶಾಸ್ತ್ರಜ್ಞರು ಇದನ್ನು ಟರ್ಬಿನೆಲ್ಲ ಪೈರಮ್ ಎನ್ನುತ್ತಾರೆ. ಮನ್ನಾರ್ ಖಾರಿಯ ಮರಳುತಳದಲ್ಲಿ ತೆವಳುತ್ತ, ಕಡಲಹುಳುಗಳನ್ನು ಬೇಟೆಯಾಡಿ ತಿನ್ನುತ್ತದೆ. ಪೂಜೆಯ ಶಂಖದ ಒಡೆಯ ಮಾಂಸಾಹಾರಿ! ಮದರಾಸು ಪ್ರಾಂತದ ಮೀನುಗಾರಿಕೆ ಇಲಾಖೆಯಲ್ಲಿದ್ದ ಜೇಮ್ಸ್ ಹಾರ್ನೆಲ್ 1914ರಲ್ಲಿ ಇದನ್ನು ಕುರಿತು ಒಂದು ಗ್ರಂಥವನ್ನೇ ಹೊರತಂದರು. ಇದರ ಮೊಟ್ಟೆಗಳು ಟಗರಿನ ಕೊಂಬಿನಂಥ, ಬಳೆಬಳೆಯಾದ ಕೋಶದೊಳಗಿರುತ್ತವೆ. ಹೊರಬಂದ ಮರಿಗಳು ಈಜಲಾರವು, ತೆವಳುತ್ತವೆ. ಆದ್ದರಿಂದ ಈ ಪ್ರಾಣಿ ದೂರ ಹರಡುವುದು ಬಹು ನಿಧಾನ.

ಹೀಗಿದ್ದೂ ಇದೇ ಕುಲದ ಟರ್ಬಿನೆಲ್ಲ ಆಂಗ್ಯುಲೇಟ ಎಂಬ ಜಾತಿ ಅಮೆರಿಕದ ಕೆರಿಬಿಯನ್ ಕಡಲಿನಲ್ಲಿದೆ. ಮನುಷ್ಯರು ಒಯ್ದದ್ದೆ? ಅಲ್ಲ. ಫ್ಲಾರಿಡದ ಕಲೂಸಹ್ಯಾಚಿ ನದಿಯ ದಂಡೆಯಲ್ಲಿ, ಸುಮಾರು 20 ಲಕ್ಷ ವರ್ಷಗಳ ಹಿಂದಿನ ಪದರಗಳಲ್ಲಿ, ಈಗ ಅಳಿದುಹೋಗಿರುವ ಟರ್ಬಿನೆಲ್ಲ ರೆಜೈನದ ಪಳೆಯುಳಿಕೆಗಳು ದೊರೆತಿವೆ. ಅದಕ್ಕೂ ಬಹಳ ಹಿಂದೆ ಟೆಥಿಸ್ ಎಂಬ ಬೆಚ್ಚನೆಯ ಕಡಲು ಹಿಂದೂ ಸಾಗರವನ್ನು ಅಟ್ಲಾಂಟಿಕ್ ಸಾಗರಕ್ಕೆ ಸೇರಿಸಿತ್ತು. ಅರೇಬಿಯ ಏಷ್ಯಕ್ಕೆ ಕೂಡಿಕೊಂಡು ಆ ದಾರಿ ಮುಚ್ಚಿತು. ಮುಚ್ಚುವ ಮುನ್ನ ಈ ಕುಲದ ಪೂರ್ವಿಕರು ತಲೆಮಾರಿನಿಂದ ತಲೆಮಾರಿಗೆ ದಡದಗುಂಟ ತೆವಳಿ ಹರಡಿರಬೇಕೆಂದು ತರ್ಕಿಸಬಹುದು.

ಕುಲವನ್ನು ಗುರುತಿಸಬಲ್ಲವರಿಗೆ ಹಣವೂ ಉಳಿದೀತು. ಕಿರಿದಾದ ಕೊಳವೆಯ ತುದಿಯನ್ನು ಮೇಲಾಗಿ ಹಿಡಿದಾಗ ಬಾಯಿ ಬಲಕ್ಕೆ ತೆರೆದರೆ ಅದು ಬಲಮುರಿ. ನಮ್ಮ ಶಂಖದಲ್ಲಿ ಇದು ಅತ್ಯಪರೂಪ. ಆದ್ದರಿಂದಲೇ ಬೆಲೆ ಹೆಚ್ಚು. ಆದರೆ ಅಮೆರಿಕದ ಲೈಟ್ನಿಂಗ್ ವೆಲ್ಕ್ ಎಂಬ ಬೇರೊಂದು ಕುಲದ ಚಿಪ್ಪಿಗೆ ಈ ಸುರುಳಿಯೇ ಸಹಜ. ಅದನ್ನು ಬಲಮುರಿ ಶಂಖವೆಂದು ಮಾರುವವರುಂಟು. ಗುರುತು ಸುಲಭ: ನಿಜವಾದ ಶಂಖದ ಬಾಯೊಳಗೆ, ನಡುಗಂಬದ ಮೇಲೆ, ಮೂರು ನಾಲ್ಕು ಏಣುಗಳು ಎದ್ದು ಕಾಣುತ್ತವೆ. ವೆಲ್ಕಿನಲ್ಲಿ ಅಂಥ ಸಾಲಿಲ್ಲ. ಹಣ ಕೊಡುವ ಮುನ್ನ ಒಳಗೊಮ್ಮೆ ಬೆರಳಾಡಿಸಿ ನೋಡಿರಿ.